ನೀರಿನ ಪೀಪಾಯಿ ಪಕ್ಕದ ಎಲೆ

ಡಾಕ್ಟರ್ ರೊಮಾನಾ ಹತ್ತಿ ಸುತ್ತಿದ ಕಡ್ಡಿಯನ್ನು ಮೆಣಸಿನ ಚಟ್ನಿ ಸಾಲ್ಸಾ ಅರೆದಿಟ್ಟಿದ್ದ ಮೂರು ಕಾಲಿನ ಒರಳಿಗೆ ಅದ್ದಿ ತೆಗೆದರು. ಅದನ್ನು ಪುಟ್ಟ ಸೀಸೆಗಿಳಿಸಿ ಮುಚ್ಚಳ ತಿರುಗಿಸಿದಾಗ ಡೋನ್ಯಾ ತೋಮಾಸಾ ಕೈಯಲ್ಲಿದ್ದ ಮೆಕ್ಕೆಜೋಳದ ಹಿಟ್ಟು ತಟ್ಟುವುದನ್ನೇ ನಿಲ್ಲಿಸಿದರು.

"ಏನೇ ಅದು?"

"ಪರೀಕ್ಷೆಗೆ, ಮಾದ್ರಿನಾ."

"ನನ್ನ ಸಾಲ್ಸಾನ? ಜ್ಞಾನಸ್ನಾನದ ದಿನ ನಿನ್ನ ಎತ್ತಿಕೊಂಡು ನಿಂತ ಮಾದ್ರಿನಾ ನಾನು. ಹಲ್ಲು ಮೂಡೋಕೆ ಮುಂಚೆ ಇದೇ ಒರಳು ನೆಕ್ಕಿದೀಯ. ಈಗ ಪೊಲೀಸರ ಥರ ಸೀಸೆಗೆ ತುಂಬ್ಕೊಂಡು ಹೋಗ್ತೀಯ?"

"ಅದಕ್ಕೇ ನನ್ನ ನಾಲಿಗೆ ಹೀಗಾಗಿರೋದು, ನೋಡಿ."

ಡೋನ್ಯಾ ತೋಮಾಸಾ ನಗಲಿಲ್ಲ. ನಗುವ ವಾರವಲ್ಲ ಅದು. ಅವರ ಸಸಿಮನೆಯಿಂದ ಕೃಷಿ ಇಲಾಖೆಯ ಇನ್ಸ್ಪೆಕ್ಟರ್ ಗೌದೆನ್ಸಿಯೋ ಕಿತ್ತು ತಂದ ಐದು ಮೆಣಸಿನ ಎಲೆಗಳಲ್ಲೂ ನಮ್ಮ ಲ್ಯಾಬಿನ ಯಂತ್ರ ವೈರಸ್ ತೋರಿಸಿತ್ತು. ನಮ್ಮ ಕೊನೆಯ ವರದಿಯೂ ಅದನ್ನೇ ಹೇಳಿದರೆ ಸೋಮವಾರ ಇಡೀ ಸಸಿಮನೆಗೆ ಬೆಂಕಿ.

ಬೇರೆ ಬೀಜ ಹಾಕಬಹುದಲ್ಲ ಎಂದು ದಾರಿಯುದ್ದಕ್ಕೂ ಅಂದುಕೊಂಡು ಬಂದಿದ್ದೆ. ಅಡುಗೆಮನೆಯ ಗೂಡಿನಲ್ಲಿ, ಮಾತೆ ಮರಿಯಳ ಪಟದ ಪಕ್ಕ, ತೊಳೆದು ಬೋರಲು ಹಾಕಿದ್ದ ಗಾಜಿನ ಭರಣಿ ಕಂಡ ಮೇಲೆ ಆ ಯೋಚನೆ ಬಿಟ್ಟೆ. ಹೋದ ಶರತ್ಕಾಲದ ಆಲಿಕಲ್ಲಿಗೆ ಬೆಳೆ ಹೋಗಿ, ಅವರ ಅಮ್ಮನ ಕಾಲದಿಂದ ಬಂದ ಮಿರಾಸೋಲ್ ಮೆಣಸಿನ ಬೀಜ ಉಳಿದದ್ದು ಆ ಒಂದು ಭರಣಿಯಷ್ಟೇ. ಫೆಬ್ರವರಿಯ ಕಂದೆಲಾರಿಯಾ ಹಬ್ಬದಲ್ಲಿ ಇಗರ್ಜಿಗೆ ಒಯ್ದು ಆಶೀರ್ವಾದ ಮಾಡಿಸಿಕೊಂಡು ಬಂದು, ಅಷ್ಟನ್ನೂ ಬಿತ್ತಿದ್ದರು. ಈಗ ಆ ತಳಿ ಭೂಮಿಯ ಮೇಲೆ ಇರುವುದು ಹಿತ್ತಿಲಿನ ಪ್ಲಾಸ್ಟಿಕ್ ಸೂರಿನ ಕೆಳಗೆ, ಬೆರಳುದ್ದದ ಸಸಿಗಳಾಗಿ.

"ಆ ಹುಡುಗಿ ಯಾಕೆ ಬಾಗಿಲಿಗೆ ಅಂಟಿಕೊಂಡಿದೆ?" ಡೋನ್ಯಾ ತೋಮಾಸಾ ನನ್ನತ್ತ ಗಲ್ಲ ಎತ್ತಿದರು. "ಕೂತ್ಕೊಂಡು ತಿನ್ನು ಅಂತ ಹೇಳು. ಬಂದವರಿಗೆ ತಿನ್ನಿಸದೆ ಯಾವತ್ತೂ ಕಳಿಸಿದವಳಲ್ಲ ನಾನು. ನನ್ನ ಸಸಿ ಸುಡೋಕೆ ಬಂದ ಆ ಗೌದೆನ್ಸಿಯೋಗೂ ಮೊದಲು ಗೋರ್ದಿತಾ ರೊಟ್ಟಿ, ಆಮೇಲೆ ಕೆಲಸ."

"ಎಷ್ಟು ತಿಂದ?" ಡಾಕ್ಟರ್ ಕೇಳಿದರು.

"ತಟ್ಟಿದಷ್ಟೂ ತಿಂದ. ಹಾಳಾದವನಿಗೆ ಹಸಿವು ಚೆನ್ನಾಗಿದೆ."

"ತಿಂದ ಮೇಲೆ ಕೈ ತೊಳ್ಕೊಂಡ್ರಾ?"

ಕೇಳಿದ್ದು ನಾನು. ಇಬ್ಬರೂ ತಿರುಗಿ ನೋಡಿದರು.

"ಅರೆ, ಮಾತಾಡುತ್ತೆ!" ಎಂದರು ಡೋನ್ಯಾ ತೋಮಾಸಾ. "ಪ್ಯಾಂಟಿಗೆ ಒರೆಸಿಕೊಂಡು ಎದ್ದ ಕಣಮ್ಮ. ನಮ್ಮ ಎಲ್ ಸೌಸಿಯೋ ಊರಲ್ಲಿ ಗಂಡಸರು ಮತ್ತೆ ಹ್ಯಾಗೆ ಏಳ್ತಾರೆ?"

ಡಾಕ್ಟರ್ ಕಣ್ಣು ಒಂದು ಕ್ಷಣ ನನ್ನ ಮೇಲೆ ನಿಂತಿತು. ನಾವು ಹುಡುಕಿಕೊಂಡು ಬಂದದ್ದೇ ಅದನ್ನು, ಸಾಲ್ಸಾದಿಂದ ಎಲೆಗೆ ಹೋದ ಕೈಯನ್ನು.

ಮೆಣಸಿನ ಗಿಡಕ್ಕೆ ಬರುವ ಈ ವೈರಸ್ಸಿನಷ್ಟು ಗಟ್ಟಿ ಜೀವವನ್ನು ನಾನು ಇನ್ನೊಂದು ಕಂಡಿಲ್ಲ. ಕಾಯಿ ಒಣಗಿಸಿದರೂ ಅದು ಸಾಯುವುದಿಲ್ಲ. ಪುಡಿ ಮಾಡಿದರೂ ಇರುತ್ತದೆ. ನಾವು ತಿಂದು, ಅರಗಿಸಿ, ಮಾರನೆಯ ದಿನ ಹೊರಗೆ ಹಾಕಿದ್ದರಲ್ಲೂ ಇರುತ್ತದೆ. ನಮಗೇನೂ ಮಾಡದು, ಅದಕ್ಕೆ ಬೇಕಾದದ್ದು ಮೆಣಸಿನ ಗಿಡ ಮಾತ್ರ. ಅದರ ಇಡೀ ಜಾತಕ ಆರು ಸಾವಿರ ಚಿಲ್ಲರೆ ಅಕ್ಷರಗಳಲ್ಲಿ ಮುಗಿಯುತ್ತದೆ, ಅದೂ ನಾಲ್ಕೇ ಅಕ್ಷರ ತಿರುಗಿ ತಿರುಗಿ ಬರುವ ಬರಹ. ಜನರ ಮುಖ ನೋಡಿ ಮಾತಾಡಲಾರದ ನನಗೆ ಆ ಬರಹ ಓದುವುದು ಮಾತ್ರ ಸಲೀಸು.

ಐದು ಎಲೆಗಳ ಬರಹವನ್ನೂ ಓದಿದ್ದೆ. ಸಾಕಾತೇಕಾಸಿನ ನಮ್ಮ ಕಣಿವೆಯ ವೈರಸ್ಸುಗಳಿಗೆಲ್ಲ ಒಂದೇ ಮನೆತನದ ಮೂಗಿನ ಹಾಗೆ ಒಂದಷ್ಟು ಗುರುತುಗಳಿವೆ. ಈ ಐದರಲ್ಲಿ ಅವು ಇರಲಿಲ್ಲ. ಇವುಗಳ ಹತ್ತಿರದ ನೆಂಟರು ಸಿಕ್ಕಿದ್ದು ಸಮುದ್ರದಾಚೆಯಿಂದ ಹಡಗಿನಲ್ಲಿ ಬಂದು, ನಮ್ಮ ಸಂತೆಯಲ್ಲಿ ಅಗ್ಗಕ್ಕೆ ಸಿಗುವ ಒಣಮೆಣಸಿನಕಾಯಿಯಲ್ಲಿ. ಇದನ್ನು ಹೇಳಿದಾಗ ಡಾಕ್ಟರ್ ಕುರ್ಚಿಗೆ ಒರಗಿದರು. ಆಮೇಲೆ, ಏನೋ ಭಾರ ಇಳಿದವರ ಹಾಗೆ, "ಪೆಟ್ಟಿಗೆ ತಗೋ, ಮಾದ್ರಿನಾ ಮನೆಗೆ ಹೋಗೋಣ" ಎಂದಿದ್ದರು.

"ಹಡಗಿನ ಮೆಣಸಿನಕಾಯಿಯಾ?" ಡೋನ್ಯಾ ತೋಮಾಸಾ ಕೆರಳಿದರು. "ನನ್ನ ಹೊಸಿಲು ದಾಟಿಲ್ಲ ಅದು. ಬಣ್ಣ ಬಿಡುತ್ತೆ, ರುಚಿ ಬಿಡಲ್ಲ. ತಗೊಂಡು ಹೋಗಿ, ಪರೀಕ್ಷೆ ಮಾಡಿ. ಒರಳೂ ಬೇಕಾದರೆ ಹೊತ್ಕೊಂಡು ಹೋಗಿ!"

ಹೊರಡುವಾಗ ನಾನು ಸಸಿಮನೆಯ ಕಡೆ ಕತ್ತು ಚಾಚಿದೆ. ಡಾಕ್ಟರ್ ತೋಳು ಹಿಡಿದರು.

"ಬೇಡ. ನಮ್ಮ ಮೈಯೆಲ್ಲ ಲ್ಯಾಬು. ಏನು ಮೆತ್ತಿಕೊಂಡಿದೆಯೋ ಏನೋ. ನಾನೂ ಈ ವರ್ಷ ಒಳಗೆ ಕಾಲಿಟ್ಟಿಲ್ಲ."

* * *

ಸಾಲ್ಸಾದಲ್ಲಿ ಹಡಗಿನ ವೈರಸ್ಸಿನ ಸುಳಿವೇ ಇರಲಿಲ್ಲ. ಡೋನ್ಯಾ ತೋಮಾಸಾ ಹೇಳಿದ್ದು ಅಕ್ಷರಶಃ ನಿಜ.

ಹಾಗಾದರೆ ಅದು ಎಲೆಗೆ ಬಂದದ್ದು ಎಲ್ಲಿಂದ?

ಇದನ್ನೇ ಯೋಚಿಸುತ್ತಿದ್ದಾಗ ಇನ್ಸ್ಪೆಕ್ಟರ್ ಗೌದೆನ್ಸಿಯೋ ಬಂದರು. ದೊಡ್ಡ ದೇಹ, ಸಣ್ಣ ಮೀಸೆ, ಯಾವ ಕೋಣೆಗೆ ಬಂದರೂ ಅದು ತಮ್ಮದೇ ಎನ್ನುವ ನಡಿಗೆ. ಡಾಕ್ಟರ್ ಹೊರಗೆ ಅಂಗಳದಲ್ಲಿ ಫೋನಿನಲ್ಲಿದ್ದರು. ಇವರು ನನ್ನ ಮುಂದೆ ಸ್ಟೂಲು ಎಳೆದು ಕೂತು, ಕಿತ್ತಳೆ ಸುಲಿದರು.

"ಏನು ಇಲಿಮರಿ, ವರದಿ ಆಯ್ತಾ? ನಿಮ್ಮ ಸಹಿ ಇಲ್ಲದೆ ಬೆಂಕಿಪೊಟ್ಟಣ ಗೀರೋ ಹಾಗಿಲ್ವಂತೆ ನಾನು."

"ಇಲ್ಲ... ಇನ್ನೊಂದು ವಿಷಯ ಕೇಳಬೇಕಿತ್ತು." ನಾನು ಕಿತ್ತಳೆಯನ್ನೇ ನೋಡುತ್ತಾ ಅಂದೆ. "ಐದು ಎಲೆ, ಯಾವುದು ಎಲ್ಲಿಂದ ಕಿತ್ತದ್ದು?"

"ಚೀಲದ ಮೇಲೆ ನಂಬರ್ ಇಲ್ವಾ?"

"ನಂಬರ್ ಮಾತ್ರ ಇದೆ."

"ಇದುವರೆಗೆ ಒಬ್ಬರೂ ಕೇಳಿರಲಿಲ್ಲ ನೋಡು. ಮೊದಲಿನ ನಾಲ್ಕು ನಡುವಿನ ಸಾಲಿನ ಟ್ರೇಗಳದ್ದು. ಐದನೇದು ಹಿಂದಿನ ಮೂಲೆ, ನೀರಿನ ಪೀಪಾಯಿ ಪಕ್ಕದ ಟ್ರೇ. ಎಲೆ ಕೊಂಚ ಮುದುರಿತ್ತು, ಅದಕ್ಕೇ ಕಿತ್ತೆ."

ಹೇಳುತ್ತಾ ಅಂಗಿಯ ಜೇಬಿನಿಂದ ಪುಟ್ಟ ಡಬ್ಬಿ ತೆಗೆದು, ಕಿತ್ತಳೆ ತೊಳೆಗಳ ಮೇಲೆ ಕೆಂಪು ಪುಡಿ ಉದುರಿಸಿ, ಬೆರಳಲ್ಲೇ ಹರಡಿದರು. ಆ ಬೆರಳು ಆಮೇಲೆ ಮೀಸೆಗೆ ಹೋಯಿತು. ಮೀಸೆಯಿಂದ ನನ್ನ ಮೇಜಿಗೆ.

ನಾನು ಆ ಬೆರಳನ್ನೇ ನೋಡುತ್ತಿದ್ದೆ. ಬಾಗಿಲಲ್ಲಿ ನಿಂತು ಡಾಕ್ಟರ್ ಕೂಡ ಅದನ್ನೇ ನೋಡುತ್ತಿದ್ದರು. ಫೋನು ಮುಗಿಸಿ ಆಗಷ್ಟೇ ಬಂದು ನಿಂತಿದ್ದರು.

"ಗೌದೆನ್ಸಿಯೋ, ಅದನ್ನ ಸದಾ ಜೇಬಲ್ಲೇ ಇಟ್ಕೊಂಡಿರ್ತೀರಾ?"

"ಖಾರ ಇಲ್ಲದೆ ಹಣ್ಣು ತಿನ್ನೋಕೆ ನಾನೇನು ಕಾಯಿಲೆಯವನಾ, ಡಾಕ್ಟ್ರಮ್ಮ?"

"ಸಸಿಮನೆಯಲ್ಲೂ ತಿಂದ್ರಾ?"

"ನಡೆಯುತ್ತಾ ಒಂದು ಕಿತ್ತಳೆ ತಿಂದಿರಬಹುದು. ಅದೂ ಅಪರಾಧವಾ?"

"ಒಂದು ಚಿಟಿಕೆ ಕೊಡಿ ಇಲ್ಲಿ."

ಅವರ ಮುಖದ ನಗು ಮೆಲ್ಲಗೆ ಇಳಿಯಿತು. ಹಿರಿಯ ಇನ್ಸ್ಪೆಕ್ಟರ್, ಕೈಗೆ ಚೀಲ ಹಾಕಿಕೊಂಡು ಎಲೆ ಕೀಳಬೇಕೆಂದು ಊರೂರಿನ ರೈತರಿಗೆ ಪಾಠ ಹೇಳುವವರು.

"ನನ್ನ ಬೆರಳಿಂದ ಅಂತೀರಾ?"

"ನಾನೇನೂ ಅಂದಿಲ್ಲ. ಪುಡಿ ಅನ್ನಲಿ. ಯಾವ ಅಂಗಡಿದು?"

"ಅಂಗಡಿ ಯಾಕೆ?" ಅವರು ಡಬ್ಬಿಯನ್ನು ಮೇಜಿನ ಮೇಲೆ ಕುಕ್ಕಿದರು. "ನಿಮ್ಮ ಕಾಫಿ ಮೂಲೆಯಲ್ಲಿದೆಯಲ್ಲ, ನೀಲಿ ಡಬ್ಬ, ಅದರಿಂದಲೇ ತುಂಬಿಕೊಂಡೆ. ಬಂದಾಗಲೆಲ್ಲ ತುಂಬ್ಕೋತೀನಿ. ಬೈಯೋದಾದರೆ ನಿಮ್ಮನ್ನೇ ನೀವು ಬೈಕೊಳ್ಳಿ!"

ನನ್ನ ಕಿವಿ ಬಿಸಿಯಾಯಿತು. ನೀಲಿ ಡಬ್ಬ ತುಂಬಿಸುವುದು ನಾನು. ನಮ್ಮಮ್ಮ ಸಂತೆಯಲ್ಲಿ ಕಾಯಿ ಕೊಂಡು, ಪುಡಿ ಮಾಡಿಸಿ, ಉಪ್ಪು ನಿಂಬೆ ಬೆರೆಸಿ ಕಳಿಸುವ ಪುಡಿ ಅದು. ಈಚೆಗೆ ಅಗ್ಗದ ಕಾಯಿ ಸಿಗುತ್ತಿದೆ ಎಂದು ಅಮ್ಮ ಖುಷಿಪಟ್ಟದ್ದೂ ನೆನಪಾಯಿತು.

ಡಾಕ್ಟರ್ ನನ್ನತ್ತ ನೋಡಿ ತುಟಿಯಂಚಿನಲ್ಲಿ ನಕ್ಕರು. "ಸಾವಧಾನ, ನೊಹೆಮಿ. ನಿಮ್ಮಮ್ಮನ ಮೇಲೆ ಯಾರೂ ಕೇಸು ಹಾಕಲ್ಲ."

* * *

ಪುಡಿಯ ಬರಹ ಓದಿ ಮುಗಿಸುವಷ್ಟರಲ್ಲಿ ಶನಿವಾರ ಮಧ್ಯಾಹ್ನವಾಗಿತ್ತು. ಎಲೆಗಳ ಬರಹದ ಪಕ್ಕ ಇಟ್ಟು ನೋಡಿದೆ. ಅಕ್ಷರಕ್ಕೆ ಅಕ್ಷರ ಒಂದೇ.

"ಕಳ್ಳ ಸಿಕ್ಕಿದ," ಎಂದರು ಡಾಕ್ಟರ್. "ಇನ್ಸ್ಪೆಕ್ಟರ್ ತೋರುಬೆರಳು! ಪುಡಿ ಎಲೆಯ ಮೇಲೆ ಕೂತಿದೆ ಅಷ್ಟೆ, ಗಿಡಕ್ಕೆ ರೋಗವಿಲ್ಲ."

ನಾನು ಏನಾದರೂ ಹೇಳುವ ಮೊದಲೇ ಫೋನು ಎತ್ತಿ ಎಲ್ ಸೌಸಿಯೋಗೆ ಹೇಳಿಯೂಬಿಟ್ಟರು. ಆ ಕಡೆಯ ಕೂಗು ನನ್ನ ಮೇಜಿನವರೆಗೆ ಕೇಳಿಸಿತು. ಫೋನು ನನ್ನ ಕೈಗೆ ಬಂತು.

"ಬಾಗಿಲ ಹುಡುಗೀ, ನೀನು ಹೇಳು. ಇವಳು ಸಣ್ಣವಳಿದ್ದಾಗಿಂದ ಸುಳ್ಳಿ. ನನ್ನ ಸಸಿ ಉಳೀತಾ?"

"ಇನ್ನೊಂದು ಪರೀಕ್ಷೆ ಇದೆ, ಡೋನ್ಯಾ."

"ಪರೀಕ್ಷೆ ಬಿಡೇ. ಉಳೀತಾ?"

"...ಉಳೀತು."

ಆ ಕಡೆ ಕುರ್ಚಿ ಎಳೆದ ಸದ್ದು. ಆಮೇಲೆ, ಬೇರೆಯೇ ದನಿಯಲ್ಲಿ, "ಭರಣಿ ನೆಟ್ಟಗೆ ತಿರುಗಿಸಿ ಇಡ್ತೀನಿ ಈಗ," ಎಂದರು.

ಆ ಇನ್ನೊಂದು ಪರೀಕ್ಷೆ ಎಂದರೆ ಎಲೆ ತೊಳೆದು ನೋಡುವುದು. ಮೇಲೆ ಕೂತದ್ದು ತೊಳೆದರೆ ಹೋಗುತ್ತದೆ, ಗಿಡದೊಳಗೆ ಬೆಳೆದದ್ದು ಹೋಗದು. ವರದಿಗೆ ಅದು ಬೇಕೇ ಬೇಕು.

"ಎರಡು ಮೂರು ತೊಳೆದರೆ ಸಾಕು," ಡಾಕ್ಟರ್ ಕೋಟು ಹಾಕಿಕೊಳ್ಳುತ್ತಾ ಅಂದರು. "ಆ ಪೀಪಾಯಿ ಪಕ್ಕದ್ದು ಬಿಟ್ಟುಬಿಡು. ಬಾಡಿ ಹೋಗಿದೆ."

ತಲೆಯಾಡಿಸಿದೆ. ನಾನು ಯಾವಾಗಲೂ ತಲೆಯಾಡಿಸುತ್ತೇನೆ.

ಅವರು ಊಟಕ್ಕೆ ಹೋದರು. ಐದನೆಯ ಚೀಲ ತೆರೆದೆ. ಎಲೆ ಮುದುರಿತ್ತು, ಬಾಡಿರಲಿಲ್ಲ. ಮಿಕ್ಕ ನಾಲ್ಕರ ಜೊತೆ ಅದನ್ನೂ ಸೋಪು ನೀರಿನಲ್ಲಿ ಮತ್ತೆ ಮತ್ತೆ ಜಾಲಿಸಿ, ಪ್ರತಿಯೊಂದರಿಂದಲೂ ಸಣ್ಣ ಚೂರು ಅರೆದು ಯಂತ್ರಕ್ಕಿಟ್ಟೆ. ಹಟಕ್ಕಲ್ಲ. ನಾಲ್ಕಕ್ಕೆ ಉತ್ತರ ಸಿಕ್ಕು ಐದನೆಯದನ್ನು ಬಿಟ್ಟರೆ ಆ ರಾತ್ರಿ ನನಗೆ ನಿದ್ದೆ ಬರುತ್ತಿರಲಿಲ್ಲ.

ಪರದೆಯ ಮೇಲೆ ಐದು ಗೆರೆಗಳು. ವೈರಸ್ ಇದ್ದರೆ ಗೆರೆ ಏರುತ್ತದೆ, ಹೆಚ್ಚಿದ್ದಷ್ಟೂ ಬೇಗ ಏರುತ್ತದೆ.

ನಾಲ್ಕು ಗೆರೆಗಳು ನೆಲಕ್ಕೆ ಒರಗಿ ಮಲಗಿದವು.

ಐದನೆಯದು ಆರಂಭದಲ್ಲೇ ತಲೆ ಎತ್ತಿ ನೆಟ್ಟಗೆ ಮೇಲಕ್ಕೆ ಹೋಯಿತು.

ಬೆರಳಿನಿಂದ ಉದುರಿದ ಪುಡಿ ಇದನ್ನು ಮಾಡಲಾರದು. ಈ ಎಲೆಯೊಳಗೆ ವೈರಸ್ ವಾರಗಟ್ಟಲೆ ಬೆಳೆದಿತ್ತು. ಉಳಿದ ಎಲೆಯನ್ನು ಭೂತಗನ್ನಡಿಯ ಕೆಳಗೆ ಹರಡಿದೆ. ಮೇಲ್ಮೈಯಲ್ಲಿ ಕೂದಲೆಳೆಯಂಥ ಗೀರುಗಳು, ಒಂದೇ ದಿಕ್ಕಿಗೆ, ಹಳೆಯವು, ಮಾಯ್ದು ಬಿಳಿಚಿದವು. ಗೀರಿನ ಸಂದಿಗಳಲ್ಲಿ ಅಲ್ಲೊಂದು ಇಲ್ಲೊಂದು ಕಪ್ಪು ಕಣ, ಬೆಳಕಿಗೆ ಮಿನುಗುವಂಥದ್ದು.

ಆ ಕಣ ನನಗೆ ಗೊತ್ತು. ವೈರಸ್ಸನ್ನು ಬೇಕೆಂದೇ ಗಿಡಕ್ಕೆ ಹತ್ತಿಸುವಾಗ ಎಲೆಯ ಮೇಲೆ ಉದುರಿಸಿ ಬೆರಳಿನಿಂದ ಉಜ್ಜುವ ಗರಗರ ಪುಡಿ. ಎಲೆ ತರಚಿ ಬಾಗಿಲು ತೆರೆಯುತ್ತದೆ, ವೈರಸ್ ಒಳಗೆ ಹೋಗುತ್ತದೆ. ಯಾವ ರೈತನ ಮನೆಯಲ್ಲೂ ಅದು ಇರುವುದಿಲ್ಲ. ಈ ಕಣಿವೆಯಲ್ಲಿ ಅದು ಇರುವುದು ನಮ್ಮ ಕಪಾಟಿನಲ್ಲಿ ಮಾತ್ರ.

ಆಗ, ಆಗಷ್ಟೇ, ಡಾಕ್ಟರ್ ಹೇಳಿದ ಮಾತು ಕಿವಿಯಲ್ಲಿ ಮತ್ತೊಮ್ಮೆ ಆಡಿತು. ಪೀಪಾಯಿ ಪಕ್ಕದ್ದು.

ಚೀಲದ ಮೇಲೆ ಇದ್ದದ್ದು ನಂಬರ್ ಮಾತ್ರ. ಗೌದೆನ್ಸಿಯೋ ಪೀಪಾಯಿ ಎಂದಾಗ ಅವರು ಹೊರಗೆ ಫೋನಿನಲ್ಲಿದ್ದರು. ಈ ವರ್ಷ ಸಸಿಮನೆಗೆ ಕಾಲಿಟ್ಟಿಲ್ಲ ಎಂದವರೂ ಅವರೇ.

"ಇನ್ನೂ ಊಟ ಮಾಡಿಲ್ವಾ?"

ಡಾಕ್ಟರ್ ರೊಮಾನಾ ನನಗಾಗಿ ಕಾಗದದಲ್ಲಿ ಸುತ್ತಿದ ಊಟ ಹಿಡಿದು ನಿಂತಿದ್ದರು. ಅವರ ಕಣ್ಣು ಪರದೆಗೆ ಹೋಯಿತು. ಮಲಗಿದ ನಾಲ್ಕು ಗೆರೆ, ಎದ್ದ ಒಂದು.

"ಅದನ್ನೂ ತೊಳೆದೆ," ಎಂದರು. ಪ್ರಶ್ನೆಯಲ್ಲ.

"ಡಾಕ್ಟ್ರೇ..." ಐದನೆಯ ಗೆರೆಯ ಮೇಲೆ ಬೆರಳಿಟ್ಟೆ. "ಅದು ಪೀಪಾಯಿ ಪಕ್ಕದ್ದು ಅಂತ ನಿಮಗೆ ಹೇಗೆ ಗೊತ್ತು?"

ಅವರು ಊಟದ ಪೊಟ್ಟಣವನ್ನು ಮೇಜಿನ ಮೇಲಿಟ್ಟರು. ಬಾಗಿಲು ಮುಚ್ಚಿದರು. ಸ್ಟೂಲಿನ ಮೇಲೆ ಕೂತರು. ಅಷ್ಟರಲ್ಲಿ ನನಗೆ ಅಲ್ಲಿಂದ ಓಡಿಹೋಗಬೇಕು ಎನಿಸಿದ್ದು ನಿಜ.

"ಉಜ್ಜಿದ್ದು ನಾನೇ," ಎಂದರು. "ಸಸಿ ಎರಡೆಲೆ ಬಿಟ್ಟಾಗ, ಮಾದ್ರಿನಾ ಪೂಜೆಗೆ ಹೋಗಿದ್ದ ಒಂದು ಭಾನುವಾರ. ಅವರಿಗೂ ಗೊತ್ತಿಲ್ಲ."

"ಯಾಕೆ?"

"ಆ ತಳಿ ಉಳೀಲಿ ಅಂತ ಕಣೇ! ನನ್ನ ಸಾಧು ವೈರಸ್ ಗೊತ್ತಲ್ಲ ನಿನಗೆ?"

ಗೊತ್ತಿತ್ತು. ನಮ್ಮ ಕಣಿವೆಯದೇ, ಹಲ್ಲು ಕಿತ್ತಂಥ ವೈರಸ್. ಅದು ಮೊದಲೇ ಒಳಗೆ ಕೂತ ಗಿಡಕ್ಕೆ ಅದರ ಉಗ್ರ ನೆಂಟರು ಬಂದರೆ ಜಾಗ ಸಿಗುವುದಿಲ್ಲ, ಮಕ್ಕಳಿಗೆ ಲಸಿಕೆ ಹಾಕಿಸಿದ ಹಾಗೆ. ಡಾಕ್ಟರ್ ವರ್ಷಗಳಿಂದ ಅದನ್ನು ಸಾಕಿಕೊಂಡು ಬಂದಿದ್ದರು. ಹೊರಗೆ ಬಳಸಲು ಅನುಮತಿ ಮಾತ್ರ ಬಂದಿರಲಿಲ್ಲ.

"ಒಂದೇ ಟ್ರೇಗೆ ಹಾಕಿ ನೋಡಿದೆ. ಗೌದೆನ್ಸಿಯೋ ತಂದ ಎಲೆಗಳಲ್ಲಿ ನಾನು ಉಜ್ಜಿದ ಗೀರು ಕಂಡು ನನ್ನ ಎದೆ ನಿಂತೇಹೋಗಿತ್ತು. ಹಡಗಿನ ವೈರಸ್ ಅಂತ ನೀನು ಹೇಳಿದ ಮೇಲೆ ಉಸಿರು ಬಂತು. ಮೇಲೆ ಕೂತದ್ದು ನನ್ನದನ್ನ ಮುಚ್ಚಿಹಾಕಿದೆ ಅಂದ್ಕೊಂಡೆ. ತೊಳೆದರೆ ಒಳಗಿನದು ಬಯಲಾಗುತ್ತಲ್ಲ, ಅದಕ್ಕೇ ಬಿಡು ಅಂದೆ. ವರದಿ ಮಾಡ್ತೀಯೇನೋ, ಮಾಡು. ಆದರೆ ಅದು ಸಾಧು, ನೊಹೆಮಿ. ಯಾರನ್ನೂ ಕೊಲ್ಲಲ್ಲ."

ನಾನು ಪರದೆಯನ್ನು ಅವರತ್ತ ತಿರುಗಿಸಿದೆ. ಐದನೆಯ ಎಲೆಯ ಬರಹ ತೆಗೆದೆ. ನಮ್ಮ ಕಣಿವೆಯ ಗುರುತು ಇರಬೇಕಾದ ಜಾಗಗಳ ಮೇಲೆ ಒಂದೊಂದಾಗಿ ಬೆರಳಿಟ್ಟೆ. ಎಲ್ಲೂ ಇರಲಿಲ್ಲ.

"ಇದರೊಳಗೆ ನಿಮ್ಮದು ಇಲ್ಲವೇ ಇಲ್ಲ, ಡಾಕ್ಟ್ರೇ. ಒಳಗೆ ಇರೋದೂ ಹಡಗಿನದೇ."

ಅವರು ಓದಿದರು. ಮತ್ತೆ ಓದಿದರು. ಮುಖದ ಬಣ್ಣ ಇಳಿಯುವುದನ್ನು ನಾನು ಅಷ್ಟು ಹತ್ತಿರದಿಂದ ಯಾರಲ್ಲೂ ನೋಡಿರಲಿಲ್ಲ.

ಎದ್ದು ಹೋಗಿ, ಸೊಂಟದ ಕೀಲಿಯಿಂದ ಫ್ರೀಜರಿನ ಬೀಗ ತೆಗೆದು, ಸಾಧು ವೈರಸ್ಸಿನ ಸೀಸೆ ತಂದರು. ಅವರದೇ ಕೈಬರಹದ ಚೀಟಿ. ಅಂಗೈಯಲ್ಲಿ ಹಿಡಿದು ಕಾಯಿಸಿದರು. ಮಂಜು ಕರಗಿತು. ತಿಳಿನೀರಿನಂತೆ ಇರಬೇಕಾದದ್ದರ ತಳದಲ್ಲಿ ಕೆಂಪು ಮಡ್ಡಿ ಕೂತಿತ್ತು. ಮುಚ್ಚಳ ತೆಗೆದು ಮೂಗಿಗೆ ಹಿಡಿದವರು ಸೀನಿದರು.

ಮೆಣಸಿನ ಪುಡಿ. ನಿಂಬೆಯ ಹುಳಿ ವಾಸನೆ ನನ್ನವರೆಗೂ ಬಂತು. ನಮ್ಮಮ್ಮನ ಕೈಯ ವಾಸನೆ.

"ನನ್ನ ಕೈಯಿಂದಲೇ ವಿಷ ಹಾಕಿಸಿದರು," ಡಾಕ್ಟರ್ ಪಿಸುಗುಟ್ಟಿದರು. "ಮಾದ್ರಿನಾ ಸಸಿಗೆ, ನನ್ನ ಕೈಯಿಂದಲೇ."

ರೋಗದ ಗಿಡ ಒಂದೇ ಆದರೂ ಕಾನೂನು ಇಡೀ ಸಸಿಮನೆಯನ್ನು ಸುಡು ಎನ್ನುತ್ತದೆ. ಸುಡದೆ ಬಿಟ್ಟರೆ ಸಸಿ ಕೀಳುವ ಕೈಗಳ ಜೊತೆ ಅದು ಊರೂರಿಗೆ ಹೋಗುತ್ತದೆ. ಅತ್ತ ಡೋನ್ಯಾ ತೋಮಾಸಾ ಭರಣಿಯನ್ನು ನೆಟ್ಟಗೆ ತಿರುಗಿಸಿ ಇಟ್ಟಿರುತ್ತಾರೆ. ಉಳೀತು ಎಂದದ್ದು ನಾನು.

"ನೊಹೆಮಿ." ಡಾಕ್ಟರ್ ದನಿ ಬದಲಾಗಿತ್ತು. ಮಗಳಂತೆ ಊಟ ತಂದುಕೊಟ್ಟ ದನಿ ಅದಲ್ಲ. "ಈ ಫ್ರೀಜರಿಗೆ ಎರಡೇ ಕೀಲಿ. ಒಂದು ನನ್ನ ಸೊಂಟದಲ್ಲಿದೆ."

"ನಾನು ಮುಟ್ಟಿಲ್ಲ, ಡಾಕ್ಟ್ರೇ. ಚಳಿಗಾಲದಿಂದ ಅದನ್ನು ತೆರೆಯೋ ಕೆಲಸವೇ ನನಗೆ ಬಿದ್ದಿಲ್ಲ."

"ನೀಲಿ ಡಬ್ಬ ತುಂಬಿಸೋದು ಯಾರು?"

"ನಾನು."

"ಕೀಲಿ ಎಲ್ಲಿ?"

ಕೊರಳಿನ ದಾರ ಎಳೆದೆ. ಶಿಲುಬೆಯ ಜೊತೆಗೇ ಕೀಲಿ ಈಚೆ ಬಂತು, ಮೈಯ ಬಿಸಿ ಹಿಡಿದು. ನನ್ನ ಎದೆಯ ಮೇಲೆ ಸದಾ ಇದ್ದ ಕೀಲಿ. ಇದಕ್ಕಿಂತ ದೊಡ್ಡ ಸಾಕ್ಷಿ ಅವರಿಗೆ ಬೇಕಿರಲಿಲ್ಲ, ಅದನ್ನು ಅವರ ಕಣ್ಣಿನಲ್ಲೇ ಓದಿದೆ.

ಡಾಕ್ಟರ್ ಫ್ರೀಜರಿನ ಬಾಗಿಲು ಒತ್ತಿ ಬೀಗ ಹಾಕಿದರು. "ತೆಗೆ ನೋಡೋಣ," ಎಂದರು.

ದಾರ ಕೊರಳಲ್ಲಿ ಇದ್ದ ಹಾಗೇ ಬಗ್ಗಿ, ಕೀಲಿಯನ್ನು ಬೀಗಕ್ಕೆ ತೂರಿಸಿದೆ.

ಒಳಗೆ ಹೋಯಿತು.

ತಿರುಗಲಿಲ್ಲ. ಬಲಕ್ಕೂ ಇಲ್ಲ, ಎಡಕ್ಕೂ ಇಲ್ಲ. ನನ್ನ ಕೀಲಿಯನ್ನು ಯಾರೋ ಬದಲಿಸಿದ್ದರು; ನನ್ನ ಕೊರಳಲ್ಲಿ ಇಷ್ಟು ದಿನ ಬೆಚ್ಚಗೆ ಮಲಗಿದ್ದದ್ದು ಬೇರೆ ಯಾವುದೋ ಬೀಗದ ಕೀಲಿ.